ಸೀರೀಸ್ ಬಲ್ಬು ಮತ್ತು ನಲವತ್ತು ದಾಟಿದ ವಿದ್ಯಾರ್ಥಿ

(ದುಡಿಯುವ ವಯಸ್ಸಿನವರಿಗೆ ಕಸುಬು ಕಲಿಸಲು ಹೊಸದಾಗಿ ಬಂದ ಶಿಕ್ಷಕರ ಮುಂದೆ ಕಾರವಾರದಲ್ಲಿ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಕಳೆದುಕೊಂಡ ಒಬ್ಬ ವಿದ್ಯಾರ್ಥಿಯಿಂದ ಶುರು ಮಾಡುತ್ತೇನೆ. ಆಗ ನಾನು ಸಂಜೆ ಬ್ಯಾಚಿಗೆ ವೈರಿಂಗ್ ಕಲಿಸಲು ಸೇರಿ ಎರಡನೇ ವರ್ಷ. ಕ್ಲಾಸಿನಲ್ಲಿ ಇಪ್ಪತ್ತು ಜನ. ಹದಿನಾಲ್ಕು ಹುಡುಗರು, ಆರು ಜನ ಸಂಸಾರಸ್ಥರು. ಆ ಆರರಲ್ಲಿ ಒಬ್ಬರು ಮೀನುಗಾರಿಕೆ ಬೋಟಿನಿಂದ ಬಂದವರು. ವಯಸ್ಸು ನಲವತ್ತಾರೋ ನಲವತ್ತೇಳೋ. ಸಮುದ್ರಕ್ಕೆ ಹೋಗಲು ಸೊಂಟ ಬಿಡುತ್ತಿರಲಿಲ್ಲ. ದಡದಲ್ಲೇ ಒಂದು ಕೆಲಸ ಬೇಕಿತ್ತು. ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತಿರುತ್ತಿದ್ದರು.

ಮೂರನೇ ದಿನ ನಾನು ಅವರನ್ನು ಬೋರ್ಡಿಗೆ ಕರೆದೆ. ಓಮ್ಸ್ ಲಾ, ಅಂದರೆ ವೋಲ್ಟ್, ಕರೆಂಟು, ವೈರಿನ ತಡೆ ಈ ಮೂರರ ಲೆಕ್ಕ, ಬರೆಯಿರಿ ಅಂದೆ. ಅವರು ಸೀಮೆಸುಣ್ಣ ಹಿಡಿದು ಸುಮ್ಮನೆ ನಿಂತರು. ಹಿಂದಿನಿಂದ ಯಾರೋ ಕಿಸಕ್ಕೆಂದ ಸದ್ದು. ನಾನು 'ಪರವಾಗಿಲ್ಲ, ಕೂತ್ಕೊಳ್ಳಿ' ಅಂದೆ. ಆ ಮಾತಿನಿಂದ ಎಲ್ಲ ಸರಿಹೋಯಿತು ಅಂದುಕೊಂಡೆ. ನಾಲ್ಕನೇ ದಿನ ಅವರು ಬರಲಿಲ್ಲ. ಐದನೇ ದಿನವೂ ಇಲ್ಲ.

ಎರಡು ತಿಂಗಳ ಮೇಲೆ ಬೈತಖೋಲ್ ಬಂದರಿನಲ್ಲಿ ಅವರನ್ನು ಕಂಡೆ. ಒಂದು ಬೋಟಿನ ಕಂಬದ ತುದಿಯ ದೀಪಕ್ಕೆ ವೈರ್ ಎಳೆಯುತ್ತಿದ್ದರು. ಮೊದಲಿದ್ದ ವೈರ್ ತೆಗೆದು ದಪ್ಪದ್ದು ಹಾಕುತ್ತಿದ್ದರು. ಯಾಕೆ ಅಂತ ಕೇಳಿದೆ. 'ವೈರ್ ಸಪೂರ ಆದ್ರೆ ಮೇಲೆ ಹೋಗೋ ಹೊತ್ತಿಗೆ ಕರೆಂಟು ಸೋತೋಗ್ತದೆ ಮಾಸ್ತರ್ರೆ. ದೀಪ ಮಂಕಾಗ್ತದೆ' ಅಂದರು.

ನೋಡಿ, ಇದೇ ಓಮ್ಸ್ ಲಾ. ಅದೂ ನಾನು ಹೇಳುತ್ತಿದ್ದುದಕ್ಕಿಂತ ಚೆನ್ನಾಗಿ. ಬೋಟಿನ ಬ್ಯಾಟರಿ 12 ವೋಲ್ಟ್. ತೆಳ್ಳಗಿನ ಉದ್ದ ವೈರಿನಲ್ಲಿ ಎರಡು ವೋಲ್ಟ್ ಕಳೆದುಹೋದರೆ ಆರರಲ್ಲಿ ಒಂದು ಪಾಲು ಹೋಯಿತು. ಕಣ್ಣಿಗೇ ಕಾಣುತ್ತದೆ. ಮನೆಯ 230 ವೋಲ್ಟಿನಲ್ಲಿ ಎರಡು ವೋಲ್ಟ್ ಹೋದರೆ ಯಾರಿಗೂ ಗೊತ್ತಾಗುವುದಿಲ್ಲ. ಹಾಗಾಗಿ ಮನೆ ವೈರಿಂಗ್ ಮಾತ್ರ ಮಾಡಿದವನಿಗಿಂತ ಈ ಮನುಷ್ಯನಿಗೆ ಈ ವಿಷಯ ಜಾಸ್ತಿ ಗೊತ್ತಿತ್ತು. ಅಂಥವರನ್ನು ನಾನು ಬೋರ್ಡಿನ ಮುಂದೆ ನಿಲ್ಲಿಸಿ, ಮೂರು ಅಕ್ಷರದ ಒಂದು ಸೂತ್ರ ಬರಲಿಲ್ಲ ಅಂತ ಎಲ್ಲರೆದುರು ತೋರಿಸಿದ್ದೆ.

ಕ್ಲಾಸು ಯಾಕೆ ಬಿಟ್ಟಿರಿ ಅಂತ ಕೇಳಿದ್ದಕ್ಕೆ ಅವರು ಕೋಪದಿಂದ ಉತ್ತರ ಕೊಡಲಿಲ್ಲ. 'ನನ್ನ ಮಗನ ಪ್ರಾಯದವರು ನಗಾಡಿದ್ರು. ಅವರಿಗೂ ನನಗೂ ದಿನಾ ಇದೇ ಬಂದರಿನಲ್ಲಿ ಕೆಲಸ. ನಾಳೆ ನನ್ನ ಮಾತು ಅವರು ಕೇಳೋದು ಬೇಡ್ವಾ?' ಅಂದರು.

ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ. ಹದಿನಾರರ ಹುಡುಗ ಕ್ಲಾಸಿನಲ್ಲಿ ತಪ್ಪು ಮಾಡಿದರೆ ಹೊರಗೆ ಹೋಗಿ ಮರೆಯುತ್ತಾನೆ. ನಲವತ್ತಾರರ ಮನುಷ್ಯನಿಗೆ ಊರಿನಲ್ಲಿ ಒಂದು ಸ್ಥಾನ ಇರುತ್ತದೆ. ಮನೆಯಲ್ಲಿ ಯಜಮಾನ, ಬೋಟಿನಲ್ಲಿ ಹಿರಿಯ, ಕೇರಿಯಲ್ಲಿ ನಾಲ್ಕು ಜನ ಸಲಹೆ ಕೇಳುವ ವ್ಯಕ್ತಿ. ಕ್ಲಾಸಿನಲ್ಲಿ ಆಗುವ ತಪ್ಪಿಗೆ ಅವನು ಕೊಡುವ ಬೆಲೆ ಬಹಳ ದೊಡ್ಡದು. ಆದರೆ ತಪ್ಪು ಮಾಡದೆ ಯಾವ ಕಸುಬೂ ಬರುವುದಿಲ್ಲ, ಅಲ್ವಾ? ನಮ್ಮ ಕೆಲಸದ ಕಷ್ಟವೆಲ್ಲ ಈ ಎರಡರ ನಡುವೆ ಇದೆ. ದೊಡ್ಡವರ ಕ್ಲಾಸಿನಲ್ಲಿ ಶಿಕ್ಷಕ ಮೊದಲು ಮಾಡಬೇಕಾದ ಕೆಲಸ ತಪ್ಪನ್ನು ಅಗ್ಗ ಮಾಡುವುದು. ನಾನು ಇವತ್ತು ಹೇಳುವುದೆಲ್ಲ ಇದರ ಸುತ್ತಲೇ.

ಇದನ್ನು ನನಗೆ ಕಲಿಸಿದ್ದು ಒಂದು ಬಲ್ಬು.

ನಿಮ್ಮಲ್ಲಿ ಎಲೆಕ್ಟ್ರಿಕಲ್‌ನವರಿಗೆ ಗೊತ್ತಿರುತ್ತದೆ. ಉಳಿದವರಿಗಾಗಿ ಹೇಳುತ್ತೇನೆ. ಕಲಿಯುವವರು ಬೋರ್ಡಿನ ಮೇಲೆ ವೈರಿಂಗ್ ಮಾಡಿ ಸ್ವಿಚ್ ಹಾಕಿದಾಗ ಶಾರ್ಟ್ ಆದರೆ 'ಢಬ್' ಅನ್ನುತ್ತದೆ. ಕಿಡಿ ಹಾರುತ್ತದೆ, ಫ್ಯೂಸ್ ಹೋಗುತ್ತದೆ, ಇಡೀ ರೂಮು ಕತ್ತಲೆ. ಎಲ್ಲರೂ ತಿರುಗಿ ಅವರನ್ನೇ ನೋಡುತ್ತಾರೆ. ಮೊದಲ ವರ್ಷಗಳಲ್ಲಿ ನಾನು ಗಮನಿಸಿದ್ದು ಇದು: ಒಮ್ಮೆ ಹಾಗೆ ಆದ ಹಿರಿಯರು ಆಮೇಲೆ ಸ್ವಿಚ್ ಹಾಕಲು ಪಕ್ಕದ ಹುಡುಗನಿಗೆ ಹೇಳುತ್ತಾರೆ. ತಾವು ಕೈ ಕಟ್ಟಿ ನಿಲ್ಲುತ್ತಾರೆ. ಕಲಿಕೆ ಅಲ್ಲಿಗೆ ನಿಂತಿತು.

ಪರಿಹಾರ ಹಳೇ ಮೆಕ್ಯಾನಿಕ್‌ಗಳಿಗೆಲ್ಲ ಗೊತ್ತಿರುವಂಥದ್ದು. ಪ್ರಾಕ್ಟೀಸ್ ಬೋರ್ಡಿಗೆ ಕರೆಂಟು ತರುವ ಫೇಸ್ ಲೈನಿನಲ್ಲಿ ಒಂದು 100 ವ್ಯಾಟಿನ ಹಳೇ ತರದ ಬಲ್ಬನ್ನು ಸೀರೀಸ್ ಆಗಿ, ಅಂದರೆ ಕರೆಂಟು ಅದರ ಮೂಲಕವೇ ಹಾದು ಬರುವ ಹಾಗೆ ಹಾಕುವುದು. ತಂತಿ ಕಾದು ಬೆಳಗುವ ಬಲ್ಬೇ ಆಗಬೇಕು, ಎಲ್‌ಇಡಿ ನಡೆಯುವುದಿಲ್ಲ. ಕಲಿಯುವವರು ಶಾರ್ಟ್ ಮಾಡಿದರೆ ಈ ಬಲ್ಬು ಪೂರ್ತಿ ಬೆಳಗುತ್ತದೆ. ಅಷ್ಟೇ. ಅರ್ಧ ಆಂಪಿಯರಿಗಿಂತ ಜಾಸ್ತಿ ಕರೆಂಟು ಹರಿಯುವುದೇ ಇಲ್ಲ. ಸದ್ದಿಲ್ಲ, ಕತ್ತಲೆ ಇಲ್ಲ, ಯಾರೂ ತಿರುಗಿ ನೋಡುವುದಿಲ್ಲ. ಮಾಡಿದವರು ತಾವೇ ನೋಡಿ, ತಾವೇ ಬಿಚ್ಚಿ, ತಾವೇ ಸರಿ ಮಾಡುತ್ತಾರೆ. ಒಂದು ಎಚ್ಚರಿಕೆ: ಈ ಬಲ್ಬು ಶಾಕ್‌ನಿಂದ ಕಾಪಾಡುವುದಿಲ್ಲ. ಅದಕ್ಕೆ ಬೇರೆಯಾಗಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ಲೈನ್ ಕಡಿಯುವ ಸ್ವಿಚ್, ಇರಲೇಬೇಕು. ಇದರಲ್ಲಿ ಉಳಿತಾಯ ಮಾಡಬೇಡಿ.

ಬಲ್ಬು ಹಾಕಿದ ವರ್ಷ ಹಿರಿಯರು ಸ್ವಿಚ್ಚಿಗೆ ಕೈ ಹಾಕಲು ಶುರು ಮಾಡಿದರು. ನಾನು ಪಾಠ ಬದಲಿಸಿರಲಿಲ್ಲ. ಪುಸ್ತಕ ಬದಲಿಸಿರಲಿಲ್ಲ. ತಪ್ಪಿನ ಬೆಲೆ ಮಾತ್ರ ಇಳಿದಿತ್ತು.

ನಿಮ್ಮ ನಿಮ್ಮ ವಿಷಯದಲ್ಲಿ ಸೀರೀಸ್ ಬಲ್ಬು ಯಾವುದು ಅಂತ ನೀವೇ ಹುಡುಕಬೇಕು. ಹೊಲಿಗೆ ಕಲಿಸುವವರು ಬಟ್ಟೆಗೆ ಕತ್ತರಿ ಹಾಕಿಸುವ ಮೊದಲು ಹಳೇ ಪೇಪರಿನಲ್ಲಿ ಕತ್ತರಿಸಲು ಕೊಡುತ್ತೀರಲ್ಲ, ಅದು ನಿಮ್ಮ ಬಲ್ಬು. ಲೆಕ್ಕಪತ್ರದ ಕಂಪ್ಯೂಟರ್ ಕಲಿಸುವವರು ಒಂದು ಸುಳ್ಳು ಅಂಗಡಿಯ ಲೆಕ್ಕ ಮಾಡಿಕೊಡಿ. ಅಳಿಸಿದರೂ ಏನೂ ಹಾಳಾಗಬಾರದು. ರೋಗಿಗಳ ಆರೈಕೆ ಕಲಿಸುವವರು ಬಿಪಿ ನೋಡುವುದನ್ನು ಮೊದಲು ಒಬ್ಬರಿಗೊಬ್ಬರು ನೋಡಿ ಕಲಿಯಲು ಬಿಡಿ. ದೊಡ್ಡ ಡಾಕ್ಟರ ಎದುರು ಮೊದಲ ಸಲ ಕೈ ನಡುಗುವುದು ಬೇಡ.

ಇನ್ನು ಹಾಜರಿ ಕರೆಯುವುದು. ಇದು ಸಣ್ಣ ವಿಷಯ, ಆದರೆ ಮೊದಲ ದಿನವೇ ಎದುರಾಗುತ್ತದೆ. ರಿಜಿಸ್ಟರಿನಲ್ಲಿರುವ ಹೆಸರನ್ನು ಬರೀ ಹೆಸರಾಗಿ ಕೂಗಬೇಡಿ. ಊರಿನಲ್ಲಿ ಅವರನ್ನು ಹೇಗೆ ಕರೆಯುತ್ತಾರೋ ಹಾಗೆ ಕರೆಯಿರಿ. ನಾಯ್ಕರೇ ಅನ್ನುತ್ತಾರೆಂದರೆ ನಾಯ್ಕರೇ. ಅಕ್ಕ ಅನ್ನುತ್ತಾರೆಂದರೆ ಅಕ್ಕ. ನೀವು ಹೇಗೆ ಕರೆಯುತ್ತೀರೋ ಹುಡುಗರೂ ಹಾಗೇ ಕರೆಯುತ್ತಾರೆ. ಕಿಸಕ್ಕೆನ್ನುವ ನಗು ಅರ್ಧ ಅಲ್ಲೇ ನಿಲ್ಲುತ್ತದೆ.

ಈಗ ಸ್ವಲ್ಪ ಪುಸ್ತಕದ ಮಾತು. ಅಮೆರಿಕದ ಮಾಲ್ಕಮ್ ನೋಲ್ಸ್ ಅನ್ನುವವರು ದೊಡ್ಡವರ ಕಲಿಕೆಯ ಬಗ್ಗೆ ಬಹಳ ಬರೆದರು. ಅವರು ಹೇಳಿದ್ದರ ಸಾರ ಇಷ್ಟು. ದೊಡ್ಡವರಿಗೆ ಯಾಕೆ ಕಲಿಯಬೇಕು ಅನ್ನುವುದು ಮೊದಲು ಗೊತ್ತಾಗಬೇಕು. ತಮ್ಮ ಕಲಿಕೆ ತಮ್ಮ ಕೈಯಲ್ಲಿರಬೇಕು ಅಂತ ಅವರು ಬಯಸುತ್ತಾರೆ. ನಾಳೆ ಕೆಲಸಕ್ಕೆ ಬರುವುದನ್ನು ಇವತ್ತು ಕಲಿಯಲು ಸಿದ್ಧರಿರುತ್ತಾರೆ. ಮತ್ತೆ ಅವರು ಖಾಲಿ ಕೈಯಲ್ಲಿ ಬರುವುದಿಲ್ಲ, ಬದುಕಿನ ಅನುಭವ ಹೊತ್ತು ತರುತ್ತಾರೆ. ಈ ಕೊನೆಯದನ್ನು ನಮ್ಮ ಜಿಲ್ಲೆಯವರಿಗೆ ಅಮೆರಿಕದವರು ಹೇಳಬೇಕಾಗಿರಲಿಲ್ಲ. ನಮ್ಮಲ್ಲಿ ತುಳಸಿ ಗೌಡ ಇದ್ದರು. ಅಂಕೋಲಾ ತಾಲೂಕಿನ ಹೊನ್ನಳ್ಳಿಯವರು. ಶಾಲೆ ಮೆಟ್ಟಿಲು ಹತ್ತಿದವರಲ್ಲ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿಗೆ ದುಡಿದರು. ಯಾವ ಮರದ ಬೀಜ ಯಾವಾಗ ಆರಿಸಬೇಕು, ಯಾವ ತಾಯಿಮರದಿಂದ ತೆಗೆದರೆ ಸಸಿ ಚೆನ್ನಾಗಿ ಬರುತ್ತದೆ ಅನ್ನುವುದು ಅವರ ಕಣ್ಣಿಗೆ, ಕೈಗೆ ಗೊತ್ತಿತ್ತು. ಓದಿದ ಅಧಿಕಾರಿಗಳು ಅವರನ್ನು ಕೇಳಿ ತಿಳಿದುಕೊಂಡರು. 2021ರಲ್ಲಿ ರಾಷ್ಟ್ರಪತಿ ಭವನಕ್ಕೆ ಬರಿಗಾಲಲ್ಲಿ ಹೋಗಿ ಪದ್ಮಶ್ರೀ ತೆಗೆದುಕೊಂಡರು. 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಅಂಥವರು ನಾಳೆ ನಿಮ್ಮ ಕ್ಲಾಸಿಗೆ ಬಂದು ಹಿಂದಿನ ಬೆಂಚಿನಲ್ಲಿ ಕೂತರೆ ಏನು ಮಾಡುತ್ತೀರಿ? ಬೀಜದ ವ್ಯಾಖ್ಯೆ ಬರೆಸುತ್ತೀರಾ?

ಶಿರಸಿ ಕಡೆಯ ಒಂದು ತರಬೇತಿ ನೋಡಲು ಹೋಗಿದ್ದೆ. ಅಡಿಕೆ ತೋಟದ ಕೆಲಸಗಾರರಿಗೆ ಔಷಧಿ ಹೊಡೆಯುವುದರ ಬಗ್ಗೆ ಪಾಠ. ಪಾಠ ಮಾಡುತ್ತಿದ್ದ ಹುಡುಗ ಒಳ್ಳೆಯವನು, ಓದಿದವನು. ಬೋರ್ಡಿನ ಮೇಲೆ 'ಶೇಕಡಾ 1ರ ದ್ರಾವಣ' ಅಂತ ಬರೆದು ಶೇಕಡಾ ಅಂದರೆ ಏನು ಅಂತ ವಿವರಿಸಲು ಹೊರಟ. ಎದುರಿಗೆ ಕೂತ ಕೊನೆಗೌಡರೆಲ್ಲ, ಅಂದರೆ ಅಡಿಕೆ ಮರ ಹತ್ತುವವರೆಲ್ಲ, ನೆಲ ನೋಡುತ್ತಿದ್ದರು. ಶಾಲೆಯ ಲೆಕ್ಕದ ಕ್ಲಾಸು ನೆನಪಾಗಿರಬೇಕು. ಚಹಾದ ಹೊತ್ತಿಗೆ ನಾನು ಆ ಹುಡುಗನಿಗೆ, ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣ ಹೇಗೆ ಮಾಡ್ತಾರೆ ಅಂತ ಅವರನ್ನೇ ಕೇಳು ಅಂದೆ. ಕೇಳಿದ. ಒಬ್ಬರು ಎದ್ದು ಹೇಳಿದರು: 'ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಬೇರೆ ಬೇರೆ ನೆನೆಸಿ ಆಮೇಲೆ ಕೂಡಿಸೂದು. ಕತ್ತಿ ಅದ್ದಿ ನೋಡೂದು. ಕತ್ತಿಗೆ ಕೆಂಪು ಹಿಡಿದ್ರೆ ಸುಣ್ಣ ಸಾಲ್ಲಿಲ್ಲ ಅಂತ.'

ಶೇಕಡಾ ಒಂದು ಅಂದರೆ ಅದೇ. ನೂರಕ್ಕೆ ಒಂದು. ಅವರು ಅದನ್ನು ಮೂವತ್ತು ಮಳೆಗಾಲ ಮಾಡಿದ್ದರು. ಕತ್ತಿಗೆ ಹಿಡಿಯುವ ಕೆಂಪು ತಾಮ್ರ. ಮಿಶ್ರಣದಲ್ಲಿ ಹುಳಿ ಉಳಿದಿದೆ ಅಂತ ಅರ್ಥ, ಹಾಗೇ ಹೊಡೆದರೆ ಎಳೆ ಅಡಿಕೆಗೊನೆ ಸುಡುತ್ತದೆ. ಇಷ್ಟನ್ನು ಆ ಹುಡುಗ ಸೇರಿಸಿದ. ಈಗ ಎಲ್ಲರೂ ತಲೆ ಎತ್ತಿ ಕೇಳಿದರು. ಯಾಕೆಂದರೆ ತಮ್ಮ ಕತ್ತಿಯ ಕಾರಣ ಅವರಿಗೆ ಸಿಕ್ಕಿತ್ತು. 'ಇನ್ನೂರು ಲೀಟರಿನ ಡ್ರಮ್ಮಿಗೆ ಅರ್ಧ ಶೇಕಡಾ ಮಾಡಬೇಕಾದರೆ?' ಅಂತ ಆಮೇಲೆ ಕೇಳಿದ್ದಕ್ಕೆ, ಪೆನ್ನು ಹಿಡಿಯದೆ ಉತ್ತರ ಬಂತು. ಒಂದು ಕಿಲೋ.

ಅನುಭವದಿಂದ ಶುರು ಮಾಡಿ ಅನ್ನುವುದು ಸುಲಭದ ಮಾತು. ಅದರ ಇನ್ನೊಂದು ಮುಖವನ್ನೂ ಹೇಳಬೇಕು. ಅನುಭವ ಕೆಲವೊಮ್ಮೆ ದಾರಿಗೆ ಅಡ್ಡ ನಿಲ್ಲುತ್ತದೆ. ಈಗ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಕಾರ್ಬನ್ ಫೈಬರಿನ ದೋಟಿ, ಅಂದರೆ ತುದಿಗೆ ಕತ್ತಿ ಇರುವ ಉದ್ದ ಕೋಲು, ಬಂದಿದೆ. ನೆಲದಲ್ಲಿ ನಿಂತೇ ಕೊನೆ ಇಳಿಸಬಹುದು. ಮರ ಹತ್ತಿ ಪಳಗಿದವರಿಗೆ ಯಾವ ಕೊನೆ ಬಲಿತಿದೆ ಅಂತ ಗೊತ್ತು, ಆದರೆ ಅವರು ಅದನ್ನು ಇಷ್ಟು ವರ್ಷ ಪಕ್ಕದಿಂದ ನೋಡಿದವರು. ಈಗ ಕೆಳಗಿನಿಂದ ನೋಡಬೇಕು. ಕಾಲಿನ ಬಲದ ಕೆಲಸ ಹೆಗಲಿಗೆ, ಕತ್ತಿಗೆ ಬಂತು. ಅವರು ಗೊತ್ತಿರುವುದನ್ನು ಬಿಟ್ಟು ಹೊಸದನ್ನು ಹಿಡಿಯಬೇಕು. ಹೊಸಬನಿಗೆ ಈ ತೊಂದರೆ ಇಲ್ಲ. ಹೀಗಾಗಿ ಮೊದಲ ವಾರ ಅನುಭವಿಯೇ ಹಿಂದೆ ಬೀಳಬಹುದು. ಇದನ್ನು ಮೊದಲೇ ಅವರಿಗೆ ಹೇಳಿಬಿಡಿ. 'ನಿಮಗೆ ಮೊದಮೊದಲು ಕಷ್ಟ ಆಗ್ತದೆ, ಕೈ ಬೇರೆ ಅಭ್ಯಾಸದಲ್ಲಿದೆ, ಹತ್ತು ದಿನ ಬೇಕು' ಅಂತ. ಹೇಳದಿದ್ದರೆ ಅವರು ಅದನ್ನು ವಯಸ್ಸಿನ ತಪ್ಪು ಅಂದುಕೊಂಡು ಮನೆಗೆ ಹೋಗುತ್ತಾರೆ.

ನನ್ನ ಕ್ಲಾಸಿನ ಇನ್ನೊಬ್ಬರ ವಿಷಯ ಹೇಳಲೇಬೇಕು. ಕುಮಟಾ ಕಡೆಯವರು. ಇಪ್ಪತ್ತು ವರ್ಷದಿಂದ ಮನೆಗಳಿಗೆ ವೈರಿಂಗ್ ಮಾಡುತ್ತಿದ್ದರು. ಲೈಸೆನ್ಸ್ ಬೇಕು ಅಂತ ಬಂದರು. ಬೋರ್ಡಿನಲ್ಲಿ ಮೊದಲ ಕೆಲಸ ಕೊಟ್ಟೆ: ಒಂದು ಸ್ವಿಚ್, ಒಂದು ಬಲ್ಬು. ಎಲ್ಲರಿಗಿಂತ ಮೊದಲು ಮುಗಿಸಿದರು. ಅಚ್ಚುಕಟ್ಟು ಕೆಲಸ. ಆದರೆ ಸ್ವಿಚ್ಚನ್ನು ಫೇಸ್ ಬಿಟ್ಟು, ಕರೆಂಟು ವಾಪಸು ಹೋಗುವ ನ್ಯೂಟ್ರಲ್ ಲೈನಿನಲ್ಲಿ ಹಾಕಿದ್ದರು. ಸ್ವಿಚ್ ಆರಿಸಿದರೆ ಬಲ್ಬು ಆರುತ್ತದೆ, ನೋಡಿದವರಿಗೆ ಎಲ್ಲ ಸರಿ. ಆದರೆ ಹೋಲ್ಡರಿನಲ್ಲಿ ಕರೆಂಟು ಇದ್ದೇ ಇರುತ್ತದೆ. ಸ್ವಿಚ್ ಆರಿಸಿದ್ದೇನೆ ಅಂತ ನಂಬಿ ಬಲ್ಬು ಬದಲಿಸಲು ಕೈ ಹಾಕಿದವರಿಗೆ ಶಾಕ್.

ಹಳೇ ನಾನಾಗಿದ್ದರೆ 'ತಪ್ಪು' ಅಂದುಬಿಡುತ್ತಿದ್ದೆ. ಆ ಹೊತ್ತಿಗೆ ಸ್ವಲ್ಪ ಕಲಿತಿದ್ದೆ. ಏನೂ ಹೇಳಲಿಲ್ಲ. ಎಲ್ಲರಿಗೂ ಹೇಳುವ ಹಾಗೆ, 'ಸ್ವಿಚ್ ಆರಿಸಿ, ಬಲ್ಬು ತೆಗೆದು, ಹೋಲ್ಡರಿನ ಎರಡೂ ಪಿನ್ನಿಗೆ ಟೆಸ್ಟರ್ ಇಟ್ಟು ನೋಡಿ' ಅಂದೆ. ಎಲ್ಲರೂ ಇಟ್ಟರು. ಅವರ ಟೆಸ್ಟರ್ ಹೊತ್ತಿತು. ಪಕ್ಕದವರದ್ದು ಹೊತ್ತಲಿಲ್ಲ. ಅವರು ಎರಡು ಸಲ ಇಟ್ಟು ನೋಡಿದರು. ಟೆಸ್ಟರ್ ಕಿಸೆಗೆ ಹಾಕಿಕೊಂಡು ಬಹಳ ಹೊತ್ತು ಬೋರ್ಡನ್ನೇ ನೋಡುತ್ತ ನಿಂತರು. ಕ್ಲಾಸು ಮುಗಿದ ಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು: 'ಮಾಸ್ತರ್ರೆ, ಹೀಗೆ ಎಷ್ಟು ಮನೆ ಮಾಡಿದ್ನೋ?' ಆಮೇಲಿನ ಭಾನುವಾರಗಳಲ್ಲಿ ಅವರು ತಾವು ಮಾಡಿದ ಮನೆಗಳಿಗೆ ಒಂದೊಂದಾಗಿ ಹೋಗಿ, ದುಡ್ಡು ತೆಗೆದುಕೊಳ್ಳದೆ ಸ್ವಿಚ್ಚನ್ನು ಫೇಸ್ ಲೈನಿಗೆ ಬದಲಿಸಿ ಬಂದರು. ನಾನು ಹೇಳಿದ್ದರೆ ವಾದ ಮಾಡುತ್ತಿದ್ದರೋ ಏನೋ. ಟೆಸ್ಟರ್ ಹೇಳಿದ್ದರಿಂದ ಒಪ್ಪಿದರು.

ಕೈಕೆಲಸ ತೋರಿಸುವುದು ಹೇಗೆ ಅನ್ನುವುದಕ್ಕೆ ಬರೋಣ. ಮೊದಲ ಮಹಾಯುದ್ಧದ ಹೊತ್ತಿಗೆ ಅಮೆರಿಕದಲ್ಲಿ ಹಡಗು ಕಟ್ಟುವ ಕೆಲಸಕ್ಕೆ ಒಮ್ಮೆಲೇ ಸಾವಿರಾರು ಜನ ಬೇಕಾದರು. ಚಾರ್ಲ್ಸ್ ಅಲೆನ್ ಅನ್ನುವವರು ಅವರಿಗೆ ಬೇಗ ಕಲಿಸಲು ನಾಲ್ಕು ಹೆಜ್ಜೆಯ ಕ್ರಮ ಮಾಡಿದರು. ಎರಡನೇ ಮಹಾಯುದ್ಧದಲ್ಲಿ ಅದನ್ನೇ ಕಾರ್ಖಾನೆಗಳಿಗೆಲ್ಲ ತಂದರು. ಕಲಿಯುವವರನ್ನು ಸಿದ್ಧ ಮಾಡು. ಕೆಲಸ ತೋರಿಸು. ಅವರ ಕೈಯಲ್ಲಿ ಮಾಡಿಸು. ಆಮೇಲೆ ಹೋಗಿ ನೋಡುತ್ತಿರು. ಹಡಗು ರಿಪೇರಿಯ ಊರಿನಲ್ಲಿ ಕೂತು ಇದನ್ನು ಹೇಳಲು ನನಗೆ ಖುಷಿ. ಆ ತರಬೇತಿಯಲ್ಲಿ ಒಂದು ಮಾತಿತ್ತು: ಕೆಲಸಗಾರ ಕಲಿತಿಲ್ಲ ಅಂದರೆ ಕಲಿಸುವವ ಕಲಿಸಿಲ್ಲ.

ನಾನು ಇದಕ್ಕೆ ಸರ್ಜನ್‌ಗಳ ತರಬೇತಿಯಿಂದ ಬಂದ ಒಂದು ಪದ್ಧತಿ ಸೇರಿಸಿಕೊಂಡಿದ್ದೇನೆ. ಮೊದಲ ಸಲ ಕೆಲಸವನ್ನು ಬಾಯಿ ಬಿಡದೆ ಮಾಡಿ ತೋರಿಸುವುದು. ಎರಡನೇ ಸಲ ಹೇಳುತ್ತ, ನಿಧಾನವಾಗಿ. ಮೂರನೇ ಸಲ ಕಲಿಯುವವರು ಹೇಳಬೇಕು, ನಾನು ಅವರು ಹೇಳಿದಷ್ಟನ್ನೇ ಮಾಡಬೇಕು. ನಾಲ್ಕನೇ ಸಲ ಅವರೇ ಮಾಡುವುದು. ಇದರಲ್ಲಿ ಬಂಗಾರದಂಥದ್ದು ಮೂರನೆಯದು. ತಪ್ಪಾಗಿ ಹೇಳಿದರೆ ತಪ್ಪು ಕಾಣುವುದು ನನ್ನ ಕೈಯಲ್ಲಿ, ಅವರ ಕೈಯಲ್ಲಲ್ಲ. ಮೆಟ್ಟಿಲಿನ ಎರಡು ಸ್ವಿಚ್ಚಿನ ವೈರಿಂಗ್ ಕಲಿಸುವಾಗ ಹೀಗೆ ಮಾಡಿ ನೋಡಿ. 'ಆ ವೈರ್ ಅಲ್ಲ ಮಾಸ್ತರ್ರೆ, ಮಧ್ಯದ್ದಕ್ಕೆ ಹಾಕಿ' ಅಂತ ನಿಮ್ಮನ್ನು ತಿದ್ದಲು ಶುರು ಮಾಡುತ್ತಾರೆ. ಆಗ ಅವರ ಮುಖ ನೋಡಬೇಕು.

ಈ ಕಾರಣಕ್ಕೇ ನಾನು 'ಅರ್ಥ ಆಯ್ತಾ?' ಅಂತ ಕೇಳುವುದನ್ನು ಬಿಟ್ಟೆ. ದೊಡ್ಡವರು 'ಹೂಂ' ಅನ್ನುತ್ತಾರೆ. ಅರ್ಥ ಆಗದಿದ್ದರೂ ಹೂಂ. ಮಾಸ್ತರರಿಗೆ ಬೇಜಾರಾಗಬಾರದು ಅಂತ ಒಂದು ಹೂಂ, ತಮ್ಮ ಮರ್ಯಾದೆ ಹೋಗಬಾರದು ಅಂತ ಇನ್ನೊಂದು ಹೂಂ. ಅದರ ಬದಲು 'ಇವತ್ತು ಬರದವರಿಗೆ ನಾಳೆ ಇದನ್ನು ನೀವು ಹೇಗೆ ಹೇಳ್ತೀರಿ?' ಅಂತ ಕೇಳಿ.

ನೆನಪಿನ ವಿಷಯ. 'ಈ ವಯಸ್ಸಿನಲ್ಲಿ ತಲೆಗೆ ಹತ್ತೋದಿಲ್ಲ' ಅಂತ ಎಲ್ಲ ಬ್ಯಾಚಿನಲ್ಲೂ ಒಬ್ಬರು ಹೇಳುತ್ತಾರೆ. ನೋಟ್ಸನ್ನು ನಾಲ್ಕು ಸಲ ಓದಿದ್ದೇನೆ, ನಿಲ್ಲುತ್ತಿಲ್ಲ ಅನ್ನುತ್ತಾರೆ. ಆದರೆ ಕಾಲೇಜಿನ ಹುಡುಗರಿಗೂ ಹಾಗೆ ನಿಲ್ಲುವುದಿಲ್ಲ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಅನ್ನುವ ಇಬ್ಬರು ಸಂಶೋಧಕರು ಕಾಲೇಜು ವಿದ್ಯಾರ್ಥಿಗಳ ಮೇಲೆ ಮಾಡಿದ ಪ್ರಯೋಗ ಇದೆ. ಕೆಲವರು ಒಂದು ಪಾಠವನ್ನು ಎರಡು ಸಲ ಓದಿದರು. ಕೆಲವರು ಒಮ್ಮೆ ಓದಿ, ಪುಸ್ತಕ ಮುಚ್ಚಿ, ನೆನಪಾದದ್ದನ್ನು ಬರೆದರು. ಐದು ನಿಮಿಷದ ಮೇಲೆ ಕೇಳಿದಾಗ ಎರಡು ಸಲ ಓದಿದವರೇ ಮುಂದಿದ್ದರು. ಒಂದು ವಾರದ ಮೇಲೆ ಕೇಳಿದಾಗ ಅವರಿಗೆ ನೆನಪಿದ್ದದ್ದು ಶೇಕಡಾ 42ರಷ್ಟು. ಮುಚ್ಚಿ ಬರೆದವರಿಗೆ ಶೇಕಡಾ 56.

ಹಾಗಾಗಿ ನನ್ನ ಕ್ಲಾಸು ದಿನಾ ಐದು ನಿಮಿಷದ ಪ್ರಶ್ನೆಗಳಿಂದ ಶುರುವಾಗುತ್ತದೆ. ಅಂಕ ಇಲ್ಲ. ಹೆಸರು ಇಲ್ಲ. ಎಲ್ಲರ ಕೈಯಲ್ಲೂ ಪಾಟಿ, ಹೌದು, ಮಕ್ಕಳ ಪಾಟಿಯೇ. ಉತ್ತರ ಬರೆದು ಎಲ್ಲರೂ ಒಟ್ಟಿಗೆ ಎತ್ತುತ್ತಾರೆ. ನಾನು ಎದುರಿಗೆ ನಿಂತು ನೋಡುತ್ತೇನೆ, ಹಿಂದೆ ಮುಂದೆ ಕೂತವರಿಗೆ ಕಾಣುವುದಿಲ್ಲ. ಬರೆಯಲು ಬಾರದವರಿಗೆ ಹೌದಾದರೆ ಸೊನ್ನೆ, ಅಲ್ಲವಾದರೆ ಗುಣಿಸು ಚಿಹ್ನೆ. ಏಳೆಂಟು ಜನ ತಪ್ಪು ಬರೆದಿದ್ದರೆ ನಿನ್ನೆ ನಾನು ಸರಿಯಾಗಿ ಹೇಳಿಲ್ಲ ಅಂತ ನನಗೆ ಗೊತ್ತಾಗುತ್ತದೆ. ಇದು ಒಂದು ವಾರ ಹಿಂದಿನದು, ಇದು ಒಂದು ತಿಂಗಳ ಹಿಂದಿನದು ಅಂತ ಹಳೇ ಪ್ರಶ್ನೆಗಳನ್ನೂ ನಡುವೆ ಸೇರಿಸುತ್ತೇನೆ.

ಕಣ್ಣಿನ ಬಗ್ಗೆ ಒಂದು ಮಾತು, ಯಾಕೆಂದರೆ ಇದನ್ನು ಯಾರೂ ಹೇಳುವುದಿಲ್ಲ. ನಲವತ್ತು ದಾಟಿದ ಮೇಲೆ ಹತ್ತಿರದ್ದು ಮಸುಕಾಗುತ್ತದೆ. ರೋಗ ಅಲ್ಲ, ವಯಸ್ಸು. ನನ್ನ ಕ್ಲಾಸಿನಲ್ಲಿ ಒಬ್ಬ ಅಕ್ಕ ವೈರಿನ ಬಣ್ಣ ತಪ್ಪಿಸುತ್ತಿದ್ದರು, ಸ್ಕ್ರೂ ತಲೆ ಹಾಳು ಮಾಡುತ್ತಿದ್ದರು. ಕೈ ಸೂಕ್ಷ್ಮ ಇಲ್ಲ ಅಂದುಕೊಂಡಿದ್ದೆ. ಚಾಳೀಸು ಹಾಕಿಕೊಂಡ ದಿನದಿಂದ ಕೆಲಸ ಬದಲಾಯಿತು. ಅಸ್ಸಾಮಿನ ಚಹಾ ತೋಟದಲ್ಲಿ ನಲವತ್ತು ದಾಟಿದ ಎಲೆ ಕೀಳುವವರಿಗೆ ಓದುವ ಕನ್ನಡಕ ಕೊಟ್ಟು ಮಾಡಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಕನ್ನಡಕ ಸಿಕ್ಕವರ ಕೆಲಸ ಸಿಗದವರಿಗಿಂತ ಸುಮಾರು ಶೇಕಡಾ 22ರಷ್ಟು ಜಾಸ್ತಿ ಆಯಿತು. ಎಲೆ ಕೀಳುವುದಕ್ಕೇ ಇಷ್ಟಾದರೆ ಸೂಜಿಗೆ ದಾರ ಪೋಣಿಸುವುದಕ್ಕೆ, ಮೀಟರಿನ ಸಣ್ಣ ಅಂಕಿ ಓದುವುದಕ್ಕೆ? ಮೊದಲ ವಾರವೇ ಎಲ್ಲರ ಕಣ್ಣು ಪರೀಕ್ಷೆ ಮಾಡಿಸಿ. ಮೇಜಿನ ಮೇಲೆ ಒಳ್ಳೆ ಬೆಳಕು ಹಾಕಿ. ಬೋರ್ಡಿನ ಮೇಲೆ ದೊಡ್ಡದಾಗಿ ಬರೆಯಿರಿ.

ವೇಳಾಪಟ್ಟಿಯನ್ನು ಊರು ನೋಡಿ ಮಾಡಿ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವುದಿಲ್ಲ. 61 ದಿನ. ಬೋಟಿನವರಿಗೆ ಕಲಿಯಲು ಇದಕ್ಕಿಂತ ಒಳ್ಳೆ ಕಾಲ ಇಲ್ಲ. ಆದರೆ ನಮ್ಮ ಎಷ್ಟೋ ಕೋರ್ಸು ಆಗಸ್ಟಿನಲ್ಲಿ ಶುರುವಾಗುತ್ತವೆ, ಅವರು ಬಲೆ ಹೊತ್ತು ಹೊರಟ ಮೇಲೆ. ಘಟ್ಟದ ಮೇಲೆ ಅಡಿಕೆ ಕೊಯ್ಲಿನ ಕಾಲಕ್ಕೆ ತರಗತಿ ಇಟ್ಟು, ಜನ ಬರುವುದಿಲ್ಲ, ಆಸಕ್ತಿ ಇಲ್ಲ ಅನ್ನುವುದು ನ್ಯಾಯವಲ್ಲ. ಹಳ್ಳಿಯ ಕೊನೇ ಬಸ್ಸು ಎಷ್ಟು ಗಂಟೆಗೆ ಅಂತ ಪಾಠ ಮಾಡುವವರಿಗೆ ಗೊತ್ತಿರಬೇಕು. ಗೋಡೆ ಗಡಿಯಾರ ನೋಡುತ್ತ ಕೂತವರಿಗೆ ಏನು ಹೇಳಿದರೂ ಕಿವಿಗೆ ಬೀಳುವುದಿಲ್ಲ.

ಭಾಷೆ. ನಮ್ಮ ಒಂದೇ ಕ್ಲಾಸಿನಲ್ಲಿ ಕೊಂಕಣಿ, ಹಾಲಕ್ಕಿ ಕನ್ನಡ, ಹವಿಗನ್ನಡ, ಭಟ್ಕಳದ ಕಡೆಯವರಿದ್ದರೆ ನವಾಯಿತಿ ಎಲ್ಲ ಇರುತ್ತದೆ. ಪರೀಕ್ಷೆಯ ಪದಗಳು ಇಂಗ್ಲಿಷಿನವು. ನಾನು ಪಾಠವಾದ ಮೇಲೆ ಹತ್ತು ನಿಮಿಷ ಬಿಡುತ್ತೇನೆ, ಮನೆ ಮಾತಿನಲ್ಲಿ ಒಬ್ಬರಿಗೊಬ್ಬರು ಹೇಳಿಕೊಳ್ಳಲಿ ಅಂತ. ಬ್ರೆಜಿಲಿನಲ್ಲಿ ಪಾವ್ಲೊ ಫ್ರೇರೆ 1963ರಲ್ಲಿ ಅಂಜಿಕೊಸ್ ಅನ್ನುವ ಊರಿನಲ್ಲಿ ಸುಮಾರು ಮುನ್ನೂರು ದುಡಿಯುವ ಜನರಿಗೆ ನಲವತ್ತು ಗಂಟೆಯ ತರಗತಿಯಲ್ಲಿ ಓದು ಬರಹ ಕಲಿಸಿದರು. ಆ ಜನರ ಕೆಲಸದ, ಬದುಕಿನ ಮಾತುಗಳನ್ನೇ ಆರಿಸಿಕೊಂಡು ಅದರಿಂದ ಅಕ್ಷರ ಕಲಿಸಿದರು. ನಾವೂ 'ಅರ್ಥಿಂಗ್' ಅನ್ನುವ ಪದವನ್ನು, ಅವರ ಮನೆಯ ಪಂಪ್‌ಸೆಟ್ ಮುಟ್ಟಿದಾಗ ಆದ ಜುಮ್ಮಿನಿಂದ ಶುರು ಮಾಡಬಹುದು.

ಕೆಲಸ ಮಾಡುತ್ತಲೇ ಕಲಿತವರಿಗೆ, ಅವರ ಕೈಚಳಕ ನೋಡಿ ಪ್ರಮಾಣಪತ್ರ ಕೊಡುವ ವ್ಯವಸ್ಥೆ ಸರಕಾರದ ಕೌಶಲ ಯೋಜನೆಯಲ್ಲಿ ಇದೆ. ನಿಮ್ಮ ಹಿರಿಯ ವಿದ್ಯಾರ್ಥಿಗಳಿಗೆ ಅದರ ಬಗ್ಗೆ ತಿಳಿಸಿ. ಕೆಲವರಿಗೆ ಕ್ಲಾಸಿಗಿಂತ ಅದೇ ಬೇಕಾಗಿರುತ್ತದೆ.

ಬೋಟಿನವರ ಕತೆ ಪೂರ್ತಿ ಮಾಡುತ್ತೇನೆ. ಮರುವರ್ಷ ಮೀನುಗಾರಿಕೆ ನಿಂತ ಕಾಲಕ್ಕೆ ಅವರ ಮನೆಗೆ ಹೋದೆ. ವಿದ್ಯಾರ್ಥಿಯಾಗಿ ಬನ್ನಿ ಅಂತ ಕರೆಯಲಿಲ್ಲ. ನಮ್ಮವರಿಗೆ ಬೋಟಿನ ವೈರಿಂಗ್ ಬಗ್ಗೆ ಒಂದು ಗಂಟೆ ಹೇಳಿಕೊಡ್ತೀರಾ ಅಂತ ಕೇಳಿದೆ. ಬಂದರು. ಕರವಸ್ತ್ರದಲ್ಲಿ ಉಪ್ಪು ಗಾಳಿಗೆ ಹಸಿರಾದ ಎರಡು ಟರ್ಮಿನಲ್ ಕಟ್ಟಿಕೊಂಡು ಬಂದಿದ್ದರು. ಅದನ್ನು ಮೇಜಿನ ಮೇಲೆ ಬಿಚ್ಚಿಟ್ಟು, ದೀಪ ಯಾಕೆ ಮಂಕಾಗುತ್ತದೆ ಅಂತ ಹೇಳಿದರು. ನಾನು ಪಕ್ಕದಲ್ಲಿ ಅವರು ಹೇಳಿದ್ದಕ್ಕೆ ಬೋರ್ಡಿನ ಮೇಲೆ ಸೂತ್ರ ಬರೆಯುತ್ತ ಹೋದೆ. ಮುಗಿದ ಮೇಲೆ ಅವರು ಬೋರ್ಡು ನೋಡಿ, 'ಓ, ಅವತ್ತು ನೀವು ಕೇಳಿದ್ದು ಇದಾ?' ಅಂದರು. ಮುಂದಿನ ಬ್ಯಾಚಿಗೆ ಹೆಸರು ಬರೆಸಿದರು.

ಮಾತಿನ ಕೊನೆಗೆ ಹೊಸ ಶಿಕ್ಷಕಿಯೊಬ್ಬರು ಕೇಳಿದ ಪ್ರಶ್ನೆಯನ್ನೂ ಇಲ್ಲಿ ಬರೆಯುತ್ತೇನೆ. 'ಸರ್, ನನಗೆ ಇಪ್ಪತ್ನಾಲ್ಕು. ಹೊಲಿಗೆ ಕಲಿಯಲು ಬರುವವರು ನನ್ನ ಅಮ್ಮನ ವಯಸ್ಸಿನವರು. ನೀವು ಹೇಳೋದು ತಪ್ಪು, ನಾವು ಹೀಗೇ ಹೊಲಿಯೋದು ಅಂತಾರೆ. ಏನು ಮಾಡಲಿ?'

ಎರಡೂ ರೀತಿ ಹೊಲಿದು ನೋಡೋಣ ಅನ್ನಿ, ಅಂದೆ. ಒಂದು ತೋಳು ಅವರ ರೀತಿ, ಒಂದು ತೋಳು ನಿಮ್ಮ ರೀತಿ. ಒಂದೇ ರವಿಕೆಗೆ. ಅವರೇ ಹಾಕಿಕೊಂಡು ಕೈ ಎತ್ತಿ ನೋಡಲಿ. ಅವರದ್ದೇ ಚೆನ್ನಾಗಿ ಕೂತರೆ, ಅಕ್ಕೋರೆ, ನಾಳೆಯಿಂದ ನೀವೂ ಹಾಗೇ ಕಲಿಸಿ.